ಒಂದೂವರೆ ಡಾಲರಿನ ವಿದ್ಯಾಲಯ: ಮೇರಿ ಮೆಕ್ಲೌಡ್ ಬೆಥೂನ್ ಅವರ ಜೀವನಕಥೆ

ಕಳ್ಳರು ಕದಿಯಲಾರದ, ದಾಯಾದಿಗಳು ಪಾಲು ಕೇಳಲಾರದ ಐಶ್ವರ್ಯವೆಂದರೆ ವಿದ್ಯೆಯೊಂದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ಐಶ್ವರ್ಯದ ಭಂಡಾರಕ್ಕೆ ಕಾಲಿಡಲು ಬಿಡದೆ ಬಾಗಿಲನ್ನೇ ಮುಚ್ಚಿಬಿಟ್ಟರೆ ಗತಿಯೇನು? ಒಂದು ಜನಾಂಗಕ್ಕೆ ಜನಾಂಗವೇ ಅಂಥ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ ಕಾಲದಲ್ಲಿ, ಬರಿಗೈಯಿಂದ ಹೊಸದೊಂದು ಬಾಗಿಲನ್ನು ತೆರೆದ ಮಹಿಳೆಯೊಬ್ಬರ ಚರಿತ್ರೆಯಿದು. ಅವರ ಹೆಸರು ಮೇರಿ ಮೆಕ್ಲೌಡ್ ಬೆಥೂನ್. ದೇಶ ಅಮೆರಿಕ ಸಂಯುಕ್ತ ಸಂಸ್ಥಾನ.

ಆ ದೇಶದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಕಪ್ಪು ಜನರನ್ನು ಗುಲಾಮರನ್ನಾಗಿಸಿ ಹತ್ತಿಯ ಹೊಲಗಳಲ್ಲಿ ದುಡಿಸುತ್ತಿದ್ದರೆಂಬುದನ್ನು ಚರಿತ್ರೆಯ ಪುಸ್ತಕದಲ್ಲಿ ನೀವು ಓದಿರುವಿರಿ. ಗುಲಾಮನು ಅಕ್ಷರ ಕಲಿತರೆ ತನ್ನ ಸ್ಥಿತಿಯನ್ನು ಅರಿತುಕೊಂಡಾನು ಎಂಬ ಭಯದಿಂದ ಅವನಿಗೆ ಓದುಬರಹ ಕಲಿಸುವುದನ್ನೇ ಅಪರಾಧವೆಂದು ಸಾರುವ ಶಾಸನಗಳೂ ಅಲ್ಲಿದ್ದವು. ದಕ್ಷಿಣ ಕೆರೊಲಿನದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರಹ ಕಲಿಸುವುದನ್ನು ನಿಷೇಧಿಸುವ ಶಾಸನವೊಂದು ಬಂದಿತ್ತು. ನಾಲ್ಕು ವರ್ಷಗಳ ಘೋರವಾದ ಅಂತರ್ಯುದ್ಧದ ತರುವಾಯ 1865ರಲ್ಲಿ ಗುಲಾಮಗಿರಿಯು ತೊಲಗಿತು. ಕಾಲಿನ ಸಂಕೋಲೆ ಕಳಚಿತೇನೋ ನಿಜ. ಆದರೆ ಅಕ್ಷರದ ಮನೆಗೆ ಹಾಕಿದ ಬೀಗವು ಅಷ್ಟು ಸುಲಭವಾಗಿ ತೆರೆಯಲಿಲ್ಲ.

ಅದೇ ದಕ್ಷಿಣ ಕೆರೊಲಿನದ ಮೇಯ್ಸ್‌ವಿಲ್ ಎಂಬ ಊರಿನ ಸಮೀಪದಲ್ಲಿ 1875ನೆಯ ಇಸವಿ ಜುಲೈ 10ನೆಯ ತಾರೀಖಿನಂದು ಮೇರಿ ಹುಟ್ಟಿದಳು. ತಂದೆ ಸ್ಯಾಮ್ಯುಅಲ್, ತಾಯಿ ಪ್ಯಾಟ್ಸಿ. ಇಬ್ಬರೂ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಅವರ 17 ಮಕ್ಕಳಲ್ಲಿ ಮೇರಿ 15ನೆಯವಳು. ಅವಳ ಅಣ್ಣ ಅಕ್ಕಂದಿರಲ್ಲಿ ಕೆಲವರು ಗುಲಾಮರಾಗಿಯೇ ಹುಟ್ಟಿದವರು. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣದಿಂದ ಆ ದಂಪತಿಗಳು ಸ್ವಲ್ಪ ಭೂಮಿಯನ್ನು ಕೊಂಡು ಅದರಲ್ಲಿ ಹತ್ತಿಯನ್ನು ಬೆಳೆಯುತ್ತಿದ್ದರು. ತಾಯಿಯು ಬಿಳಿಯರ ಮನೆಗಳ ಬಟ್ಟೆಯನ್ನು ಒಗೆದು ಕೊಡುತ್ತಿದ್ದಳು. ಮಕ್ಕಳೆಲ್ಲರೂ ಹೊಲದಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಓದು ಬಲ್ಲವರು ಒಬ್ಬರೂ ಇರಲಿಲ್ಲ.

ಒಂದು ದಿನ ಬಾಲಕಿ ಮೇರಿಯು ತಾಯಿಯೊಡನೆ ಬಿಳಿಯರ ಮನೆಯೊಂದಕ್ಕೆ ಹೋಗಿದ್ದಳು. ಅಲ್ಲಿಯ ಮಕ್ಕಳು ಆಡುವ ಕೋಣೆಯಲ್ಲಿ ಪುಸ್ತಕವೊಂದು ಕಣ್ಣಿಗೆ ಬಿತ್ತು. ಕುತೂಹಲದಿಂದ ಅದನ್ನು ಕೈಗೆತ್ತಿಕೊಂಡಳು. ಒಡನೆಯೇ ಆ ಮನೆಯ ಹುಡುಗಿಯೊಬ್ಬಳು, ನಿನಗೆ ಓದು ಬಾರದು, ಅದನ್ನು ಕೆಳಗಿಡು ಎಂದು ಗದರಿದಳು. ಮೇರಿ ಪುಸ್ತಕವನ್ನು ಕೆಳಗಿಟ್ಟಳು. ಆದರೆ ಆ ಮಾತನ್ನು ಕೆಳಗಿಡಲಿಲ್ಲ. ಬಿಳಿಯರಿಗೂ ತಮ್ಮವರಿಗೂ ಇರುವ ಅಂತರವೆಲ್ಲ ಈ ಓದಿನಲ್ಲಿಯೇ ಅಡಗಿರಬೇಕೆಂದು ಆ ಎಳೆಯ ಮನಸ್ಸಿಗೆ ಹೊಳೆಯಿತು. ತಾನು ಓದಲೇಬೇಕೆಂದು ಅಂದೇ ನಿಶ್ಚಯಿಸಿದಳು.

ಕೆಲಕಾಲದ ಮೇಲೆ ಮೇಯ್ಸ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗಾಗಿ ಕ್ರೈಸ್ತ ಮಿಷನ್ನಿನವರು ಒಂದು ಪಾಠಶಾಲೆಯನ್ನು ತೆರೆದರು. ಅಷ್ಟು ಮಕ್ಕಳಲ್ಲಿ ಒಬ್ಬರನ್ನು ಮಾತ್ರ ಹೊಲದ ಕೆಲಸದಿಂದ ಬಿಡಿಸಿ ಕಳುಹಿಸುವ ಶಕ್ತಿ ತಂದೆತಾಯಿಗಳಿಗಿತ್ತು. ಆ ಭಾಗ್ಯ ಮೇರಿಯ ಪಾಲಿಗೆ ಬಂದಿತು. ದಿನವೂ ಸುಮಾರು 5 ಮೈಲಿ ನಡೆದು ಹೋಗಬೇಕು. ಸಂಜೆ ಮತ್ತೆ ಅಷ್ಟೇ ದೂರ ನಡೆದು ಬರಬೇಕು. ಎಮಾ ವಿಲ್ಸನ್ ಎಂಬ ಕಪ್ಪು ಜನಾಂಗದ ಶಿಕ್ಷಕಿಯು ಅವಳ ಮೊದಲ ಗುರು. ಹಗಲು ಕಲಿತದ್ದನ್ನು ಮೇರಿ ರಾತ್ರಿ ಮನೆಯವರಿಗೆಲ್ಲ ಹೇಳಿಕೊಡುತ್ತಿದ್ದಳು. ಹತ್ತಿಯ ತೂಕದ ಲೆಕ್ಕವನ್ನು ಮಾಡಲು ಕಲಿತ ಮೇಲಂತೂ ನೆರೆಹೊರೆಯ ರೈತರಿಗೆ ಅವಳು ಬೇಕಾದವಳಾದಳು. ಲೆಕ್ಕ ಬಾರದ ಬಡವರಿಗೆ ತೂಕದಲ್ಲಿ ಮೋಸವಾಗುವುದು ಅಲ್ಲಿ ವಾಡಿಕೆಯಾಗಿತ್ತು. ವಿದ್ಯೆಯು ಕಲಿತವನೊಬ್ಬನ ಸ್ವತ್ತಲ್ಲ, ಅದರಿಂದ ಸುತ್ತಲಿನವರಿಗೂ ನ್ಯಾಯ ದೊರೆಯುವುದೆಂಬ ಪಾಠವನ್ನು ಮೇರಿ ಕಲಿತದ್ದು ಆ ತಕ್ಕಡಿಯ ಮುಂದೆ.

ಊರಿನ ಶಾಲೆ ಮುಗಿಯಿತು. ಮುಂದೆ ಓದಲು ಹಣವಿಲ್ಲ. ಆಗ ದೂರದ ಕೊಲೊರಾಡೊ ರಾಜ್ಯದಲ್ಲಿದ್ದ ಮೇರಿ ಕ್ರಿಸ್‌ಮನ್ ಎಂಬ ಬಿಳಿಯ ಮಹಿಳೆಯು, ತಾನು ಹೊಲಿಗೆಯ ಕೆಲಸದಿಂದ ಉಳಿಸಿದ ಹಣವನ್ನು ಕಪ್ಪು ಜನಾಂಗದ ಹುಡುಗಿಯೊಬ್ಬಳ ವಿದ್ಯಾಭ್ಯಾಸಕ್ಕೆಂದು ಕಳುಹಿಸಿದಳು. ಶಿಕ್ಷಕಿಯು ಮೇರಿಯನ್ನು ಆರಿಸಿದಳು. 1888ರಲ್ಲಿ ಮೇರಿ ಉತ್ತರ ಕೆರೊಲಿನದ ಕಾನ್‌ಕರ್ಡ್ ಊರಿನ ಸ್ಕಾಟಿಯ ಬಾಲಿಕಾ ವಿದ್ಯಾಲಯಕ್ಕೆ ಹೊರಟಾಗ ನೆರೆಹೊರೆಯವರೆಲ್ಲ ಕೆಲಸ ಬಿಟ್ಟು ರೈಲು ನಿಲ್ದಾಣಕ್ಕೆ ಬಂದು ಹರಸಿ ಬೀಳ್ಕೊಟ್ಟರು. ಆ ವಿದ್ಯಾಲಯದಲ್ಲಿ ಕಪ್ಪು ಉಪಾಧ್ಯಾಯಿನಿಯರೂ ಬಿಳಿಯ ಉಪಾಧ್ಯಾಯಿನಿಯರೂ ಸರಿಸಮನಾಗಿ ಕೆಲಸ ಮಾಡುತ್ತಿದ್ದುದನ್ನು ಅವಳು ಕಂಡಳು. ಮನುಷ್ಯರು ಹೀಗೂ ಬಾಳಬಹುದೆಂಬ ನಂಬಿಕೆ ಅವಳಲ್ಲಿ ಬೇರೂರಿತು.

ಅಲ್ಲಿ ಆರು ವರ್ಷ ಓದಿ, ಷಿಕಾಗೋ ನಗರದ ಧಾರ್ಮಿಕ ವಿದ್ಯಾಲಯವೊಂದರಲ್ಲಿ ಒಂದು ವರ್ಷ ತರಬೇತಿ ಪಡೆದು, ಆಫ್ರಿಕಕ್ಕೆ ಮಿಷನರಿಯಾಗಿ ಹೋಗಬೇಕೆಂದು ಮೇರಿ ಹಂಬಲಿಸಿದಳು. ಕಪ್ಪು ಜನಾಂಗದವರಿಗೆ ಅಲ್ಲಿ ಕೆಲಸವಿಲ್ಲವೆಂಬ ಉತ್ತರ ಬಂದಿತು. ಪೂರ್ವಜರ ನಾಡಿಗೆ ಸೇವೆಗಾಗಿ ಹೋಗುವುದಕ್ಕೂ ಬಣ್ಣವೇ ಅಡ್ಡಿಯಾಯಿತು. ಈ ನಿರಾಶೆಯಿಂದ ಅವಳು ಬಹಳ ನೊಂದಳು. ಆದರೆ ತನ್ನ ಸೇವೆಗೆ ಹಸಿದ ಜನರು ತನ್ನ ನಾಡಿನಲ್ಲಿಯೇ ಇದ್ದಾರಲ್ಲವೆ ಎಂದು ಸಮಾಧಾನ ತಂದುಕೊಂಡು ದಕ್ಷಿಣದ ಶಾಲೆಗಳಲ್ಲಿ ಶಿಕ್ಷಕಿಯಾದಳು. ಜಾರ್ಜಿಯ ರಾಜ್ಯದ ಅಗಸ್ಟ ನಗರದಲ್ಲಿ ಲೂಸಿ ಲೇನಿ ಎಂಬ ಕಪ್ಪು ಮಹಿಳೆ ಸ್ಥಾಪಿಸಿದ್ದ ವಿದ್ಯಾಲಯದಲ್ಲಿ ಕೆಲಸ ಮಾಡಿದಾಗ, ಹೆಣ್ಣೊಬ್ಬಳು ಮನಸ್ಸು ಮಾಡಿದರೆ ಒಂದು ಸಂಸ್ಥೆಯನ್ನೇ ಕಟ್ಟಬಲ್ಲಳೆಂಬುದು ಅವಳಿಗೆ ಮನದಟ್ಟಾಯಿತು. 1898ರಲ್ಲಿ ಆಲ್ಬರ್ಟಸ್ ಬೆಥೂನ್ ಎಂಬವರೊಡನೆ ವಿವಾಹವಾಗಿ, ಮರುವರ್ಷ ಗಂಡುಮಗುವೊಂದು ಹುಟ್ಟಿತು.

ಇನ್ನು ಮುಂದೆ ನಾವು ಅವರನ್ನು ಬೆಥೂನ್ ಎಂದೇ ಕರೆಯೋಣ.

ಫ್ಲೋರಿಡ ರಾಜ್ಯದ ಪೂರ್ವ ಕರಾವಳಿಯುದ್ದಕ್ಕೂ ಆಗ ರೈಲುದಾರಿಯ ಕಾಮಗಾರಿ ನಡೆದಿತ್ತು. ಅದಕ್ಕಾಗಿ ಗುಂಪು ಗುಂಪಾಗಿ ಬಂದ ಕಪ್ಪು ಕೂಲಿಕಾರರ ಮಕ್ಕಳಿಗೆ ವಿದ್ಯೆಯ ಗಾಳಿಯೇ ಇರಲಿಲ್ಲ. ಇದನ್ನು ಕೇಳಿದ ಬೆಥೂನ್ ಅವರು ಮಗನನ್ನು ಕರೆದುಕೊಂಡು ಡೇಟೋನ ಪಟ್ಟಣಕ್ಕೆ ಬಂದರು. ಕೈಯಲ್ಲಿದ್ದ ಹಣ ಒಂದೂವರೆ ಡಾಲರು. ಬಾಡಿಗೆಗೆ ಹಿಡಿದ ಸಣ್ಣ ಮನೆಯೊಂದರಲ್ಲಿ 1904ರ ಅಕ್ಟೋಬರ್ 3ರಂದು ಪಾಠಶಾಲೆ ಆರಂಭವಾಯಿತು. ಐವರು ಹುಡುಗಿಯರು ಮತ್ತು ಅವರ ಮಗ, ಇಷ್ಟೇ ವಿದ್ಯಾರ್ಥಿವೃಂದ.

ಆ ಶಾಲೆಯ ಸಂಪತ್ತನ್ನು ಸ್ವಲ್ಪ ನೋಡಿರಿ. ಅಂಗಡಿಯವರು ಎಸೆದ ಮರದ ಪೆಟ್ಟಿಗೆಗಳೇ ಮೇಜು ಕುರ್ಚಿಗಳು. ಸುಟ್ಟ ಕಟ್ಟಿಗೆಯ ಇದ್ದಿಲೇ ಪೆನ್ಸಿಲು. ಪೊದೆಯ ಕಪ್ಪು ಹಣ್ಣುಗಳನ್ನು ಹಿಂಡಿದ ರಸವೇ ಶಾಯಿ. ಮರಗಳ ಕೊಂಬೆಗಳಿಂದ ಜಡೆಯಂತೆ ಜೋಲುವ ಹಾವಸೆಯನ್ನು ಒಣಗಿಸಿ ಚೀಲಗಳಲ್ಲಿ ತುಂಬಿದರೆ ಅದೇ ಹಾಸಿಗೆ. ಬೆಥೂನ್ ಅವರೂ ಹುಡುಗಿಯರೂ ಸೇರಿ ಗೆಣಸಿನ ಹೂರಣದ ಸಿಹಿತಿಂಡಿಯನ್ನು ಸುಟ್ಟು, ಕಾಮಗಾರಿಯ ಕೂಲಿಕಾರರಿಗೆ ಮಾರಿ, ಬಂದ ಕಾಸನ್ನು ಶಾಲೆಗೆ ಕೂಡಿಹಾಕುತ್ತಿದ್ದರು. ಹನಿಗೂಡಿ ಹಳ್ಳ ಎಂಬ ಗಾದೆಯು ಅಲ್ಲಿ ಅಕ್ಷರಶಃ ಸತ್ಯವಾಯಿತು. ಊರವರು ಕಸವನ್ನು ಸುರಿಯುತ್ತಿದ್ದ ಜೌಗುನೆಲವೊಂದನ್ನು 5 ಡಾಲರಿನ ಮೊದಲ ಕಂತು ಕೊಟ್ಟು ಕೊಂಡು, ಅದನ್ನು ಹಸನುಮಾಡಿ, ಶಾಲೆಯ ಮೊದಲ ಸ್ವಂತ ಕಟ್ಟಡವನ್ನು ಎಬ್ಬಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಶ್ರದ್ಧಾಭವನ. ಕೈಯಲ್ಲಿ ಹಣವಿಲ್ಲದೆ ಕಟ್ಟಿದ ಕಟ್ಟಡಕ್ಕೆ ಬೇರೆ ಯಾವ ಹೆಸರು ತಾನೆ ಒಪ್ಪೀತು?

ಡೇಟೋನಕ್ಕೆ ಚಳಿಗಾಲದಲ್ಲಿ ಉತ್ತರದ ಧನಿಕರು ವಿಶ್ರಾಂತಿಗೆಂದು ಬರುತ್ತಿದ್ದರು. ಬೆಥೂನ್ ಅವರು ಸಂಕೋಚಪಡದೆ ಅವರ ಮನೆಗಳ ಬಾಗಿಲು ತಟ್ಟಿದರು. ಸಾಬೂನಿನ ದೊಡ್ಡ ಕಾರಖಾನೆಯ ಪಾಲುದಾರರಾದ ಜೇಮ್ಸ್ ಗ್ಯಾಂಬಲ್ ಎಂಬವರು ಶಾಲೆಯನ್ನು ನೋಡಲು ಬಂದು, ಹರಕು ಮುರುಕು ಪೆಟ್ಟಿಗೆಗಳನ್ನು ಕಂಡು, ಶಾಲೆಯೆಲ್ಲಿ ಎಂದು ಕೇಳಿದರಂತೆ. ಅದಿನ್ನೂ ತಮ್ಮ ಮನಸ್ಸಿನಲ್ಲಿದೆ, ಅದನ್ನು ನಿಜವಾಗಿಸಲೆಂದೇ ತಮ್ಮನ್ನು ಕರೆಸಿದ್ದು ಎಂಬರ್ಥದ ಉತ್ತರವನ್ನು ಬೆಥೂನ್ ಅವರು ಕೊಟ್ಟರೆಂದು ಹೇಳುವುದುಂಟು. ಗ್ಯಾಂಬಲ್ ಅವರು ಶಾಲೆಯ ಆಡಳಿತ ಮಂಡಲಿಯ ಅಧ್ಯಕ್ಷರಾದರು. ಹೊಲಿಗೆಯ ಯಂತ್ರಗಳ ಕಾರಖಾನೆಯ ಥಾಮಸ್ ವೈಟ್ ಅವರೂ ಉದಾರವಾಗಿ ನೆರವಿತ್ತರು.

ಧನಿಕರ ಹಣವನ್ನು ಪಡೆದರೂ ಬೆಥೂನ್ ಅವರು ತಮ್ಮ ತತ್ವವನ್ನು ಮಾರಿಕೊಳ್ಳಲಿಲ್ಲ. ಅಂದಿನ ದಕ್ಷಿಣದಲ್ಲಿ ಕಪ್ಪು ಜನರಿಗೆ ರೈಲು, ಶಾಲೆ, ಆಸ್ಪತ್ರೆ, ನೀರಿನ ನಲ್ಲಿ ಎಲ್ಲವೂ ಪ್ರತ್ಯೇಕ. ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ಸಾಕೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ತೀರ್ಪಿತ್ತಿತ್ತು. ಪ್ರತ್ಯೇಕತೆ ಎಲ್ಲೆಡೆಯೂ ಇತ್ತು. ಸಮಾನತೆ ಮಾತ್ರ ಕಾಗದದ ಮೇಲಿತ್ತು. ಹೀಗಿರುವಾಗ ಬೆಥೂನ್ ಅವರ ಶಾಲೆಯಲ್ಲಿ ಭಾನುವಾರದ ಸಭೆಗಳಿಗೆ ಬಂದ ಬಿಳಿಯ ಅತಿಥಿಗಳಿಗೆ ಬೇರೆ ಸಾಲು ಇರುತ್ತಿರಲಿಲ್ಲ. ಎಲ್ಲಿ ಸ್ಥಳವಿದೆಯೋ ಅಲ್ಲಿ ಕಪ್ಪು ಜನರ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕಾಗಿತ್ತು.

ಒಮ್ಮೆ ಶಾಲೆಯ ಹುಡುಗಿಯೊಬ್ಬಳಿಗೆ ಕರುಳಿನ ಬೇನೆ ಹೆಚ್ಚಿ ಪ್ರಾಣಾಪಾಯ ಒದಗಿತು. ಕಪ್ಪು ಜನರಿಗೆ ಆಸ್ಪತ್ರೆಯೇ ಇಲ್ಲ. ಬೆಥೂನ್ ಅವರು ಬಹಳ ಬೇಡಿಕೊಂಡ ಮೇಲೆ ಬಿಳಿಯರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಮರಳಿ ನೋಡಲು ಹೋದಾಗ ಆ ಹುಡುಗಿಯನ್ನು ಒಳಗಿನ ಮಂಚದ ಮೇಲಲ್ಲ, ಹಿತ್ತಿಲ ಜಗುಲಿಯ ಮೇಲೆ ಮಲಗಿಸಿದ್ದುದು ಕಾಣಿಸಿತು. ಅವರು ಜಗಳವಾಡುತ್ತ ಕುಳಿತುಕೊಳ್ಳಲಿಲ್ಲ; 1911ರಲ್ಲಿ ಶಾಲೆಯ ಬಳಿಯಲ್ಲಿಯೇ ಆಸ್ಪತ್ರೆಯೊಂದನ್ನು ತೆರೆದರು. ತಂದೆತಾಯಿಗಳ ಮನೆತನದ ಹೆಸರನ್ನೇ ಅದಕ್ಕಿಟ್ಟರು. ಅಲ್ಲಿ ಕಪ್ಪು ಜನಾಂಗದ ದಾದಿಯರಿಗೆ ತರಬೇತಿಯೂ ನಡೆಯಿತು.

1920ರಲ್ಲಿ ಅಮೆರಿಕದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಿತು. ದಕ್ಷಿಣದಲ್ಲಿ ಕಪ್ಪು ಜನರು ಮತ ಹಾಕದಂತೆ ತಡೆಯಲು ತೆರಿಗೆ, ಓದಿನ ಪರೀಕ್ಷೆ ಮೊದಲಾದ ಅಡೆತಡೆಗಳಿದ್ದವು. ಬೆಥೂನ್ ಅವರು ತೆರಿಗೆಗಾಗಿ ಚಂದಾ ಎತ್ತಿದರು. ಪರೀಕ್ಷೆಗಾಗಿ ರಾತ್ರಿ ತರಗತಿಗಳನ್ನು ನಡೆಸಿದರು. ಇದನ್ನು ಸಹಿಸದ ಕೂ ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಕೂಟದವರು ಚುನಾವಣೆಯೊಂದರ ಮುನ್ನಾ ರಾತ್ರಿ ಬಿಳಿಯ ಮುಸುಕು ಧರಿಸಿ ಶಾಲೆಯ ಆವರಣಕ್ಕೆ ಮೆರವಣಿಗೆಯಲ್ಲಿ ಬಂದರು. ಒಳಗೆ ಹುಡುಗಿಯರು ಪ್ರಾರ್ಥನಾಗೀತೆಗಳನ್ನು ಹಾಡುತ್ತಿರಲು ಬೆಥೂನ್ ಅವರು ಅಲುಗದೆ ಎದುರು ನಿಂತರು. ಬಂದವರು ಏನನ್ನೂ ಮಾಡದೆ ಹಿಂದಿರುಗಿದರು. ಮರುದಿನ ಕಪ್ಪು ಜನರು ಅವರೊಂದಿಗೆ ಹೋಗಿ ಸಾಲಿನಲ್ಲಿ ನಿಂತು ಮತ ನೀಡಿದರು.

ಶಾಲೆಯು ಬೆಳೆಯುತ್ತ ಹೋಯಿತು. 1872ರಲ್ಲಿ ಸ್ಥಾಪಿತವಾಗಿದ್ದ ಕುಕ್‌ಮನ್ ವಿದ್ಯಾಸಂಸ್ಥೆಯು 1923ರಲ್ಲಿ ಇದರೊಡನೆ ಕೂಡಿಕೊಂಡಿತು. 1931ರಲ್ಲಿ ಬೆಥೂನ್-ಕುಕ್‌ಮನ್ ಕಾಲೇಜು ಎಂಬ ಹೆಸರಾಯಿತು. 1941ರಲ್ಲಿ ನಾಲ್ಕು ವರ್ಷಗಳ ಪದವಿ ಶಿಕ್ಷಣಕ್ಕೆ ಮನ್ನಣೆ ದೊರೆಯಿತು. ಅಡಿಗೆ, ಹೊಲಿಗೆ, ತೋಟಗಾರಿಕೆಗಳನ್ನು ಕಲಿಸುತ್ತಿದ್ದ ಶಾಲೆಯು ಈಗ ಶಿಕ್ಷಕರನ್ನೂ ಪದವೀಧರರನ್ನೂ ರೂಪಿಸುವ ಕಾಲೇಜಾಯಿತು. ಹೆಂಗಸರು, ಅದರಲ್ಲಿಯೂ ಕಪ್ಪು ಜನಾಂಗದ ಹೆಂಗಸರು, ಕಾಲೇಜಿನ ಅಧ್ಯಕ್ಷರಾಗುವುದು ಅಪೂರ್ವವಾಗಿದ್ದ ಆ ಕಾಲದಲ್ಲಿ ಬೆಥೂನ್ ಅವರು 1942ರವರೆಗೂ ಆ ಪೀಠವನ್ನು ಅಲಂಕರಿಸಿದರು. ಮತ್ತೆ 1946ರಿಂದ ಒಂದು ವರ್ಷ ಅದೇ ಹೊಣೆಯನ್ನು ಹೊತ್ತರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬಾಗಿಲು ಮುಚ್ಚಿದಾಗ ಬೇರೊಂದು ಮನೆಯನ್ನು ಕಟ್ಟಿಕೊಳ್ಳುವುದು ಒಂದು ಬಗೆಯ ಸಾಹಸ. ಆದರೆ ಅಷ್ಟಕ್ಕೇ ನಿಂತರೆ ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆ. ಬೆಥೂನ್ ಅವರು ತಮ್ಮ ಮನೆಯನ್ನೂ ಕಟ್ಟಿದರು. ಮುಚ್ಚಿದ ಬಾಗಿಲನ್ನು ತಟ್ಟುವುದನ್ನೂ ಬಿಡಲಿಲ್ಲ. ಅವರ ಜೀವನದ ಉತ್ತರಾರ್ಧವೆಲ್ಲ ಈ ಎರಡನೆಯ ಕಾರ್ಯಕ್ಕೆ ಮೀಸಲಾಯಿತು.

1929ರಿಂದ ಅಮೆರಿಕದಲ್ಲಿ ಭಾರಿ ಆರ್ಥಿಕ ಮುಗ್ಗಟ್ಟು ತಲೆದೋರಿ ಲಕ್ಷಾಂತರ ಜನರು ಕೆಲಸ ಕಳೆದುಕೊಂಡರು. ಬಡ ತರುಣರು ಓದನ್ನು ಬಿಡದಂತೆ, ಅವರಿಗೆ ಅಲ್ಪಸ್ವಲ್ಪ ಕೆಲಸವನ್ನು ಒದಗಿಸಿ ಸಂಬಳ ಕೊಡುವುದಕ್ಕಾಗಿ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರವು 1935ರಲ್ಲಿ ರಾಷ್ಟ್ರೀಯ ಯುವಜನ ಇಲಾಖೆಯೊಂದನ್ನು ಸ್ಥಾಪಿಸಿತು. 1936ರಿಂದ ಅದರ ಕಪ್ಪು ಯುವಜನರ ವಿಭಾಗದ ಹೊಣೆ ಬೆಥೂನ್ ಅವರ ಮೇಲೆ ಬಿದ್ದಿತು. ಕೇಂದ್ರ ಸರ್ಕಾರದಲ್ಲಿ ಇಂಥ ವಿಭಾಗವೊಂದರ ಮುಖ್ಯಸ್ಥೆಯಾದ ಮೊದಲ ಕಪ್ಪು ಮಹಿಳೆ ಅವರೇ. ದಕ್ಷಿಣದ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕೆ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ಅವರ ಸಲುವಾಗಿ ಬೆಥೂನ್ ಅವರು ಪ್ರತ್ಯೇಕ ನಿಧಿಯೊಂದನ್ನು ದೊರಕಿಸಿದರು. 1943ರಲ್ಲಿ ಇಲಾಖೆ ಮುಚ್ಚುವುದರೊಳಗೆ ಸಾವಿರಾರು ವಿದ್ಯಾರ್ಥಿಗಳು ಇದರಿಂದ ಓದನ್ನು ಮುಂದುವರಿಸಿದರು. ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿದ್ದ ಕಪ್ಪು ಅಧಿಕಾರಿಗಳು ಅವರ ಮನೆಯಲ್ಲಿ ಸೇರಿ, ತಮ್ಮ ಜನರಿಗೆ ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಸರಿಯಾದ ಪಾಲು ದೊರೆಯುವಂತೆ ಒಮ್ಮತದಿಂದ ಯತ್ನಿಸುತ್ತಿದ್ದರು. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರು ಬೆಥೂನ್ ಅವರ ಆಪ್ತ ಗೆಳತಿಯಾದರು. ದೇಶದ ಕಪ್ಪು ಮಹಿಳೆಯರ ಸಂಘಗಳನ್ನೆಲ್ಲ ಒಂದುಗೂಡಿಸಿ 1935ರಲ್ಲಿ ಅವರು ಸ್ಥಾಪಿಸಿದ ರಾಷ್ಟ್ರೀಯ ಮಂಡಲಿಯು ಬಹುಕಾಲ ಬಾಳಿದ ಸಂಸ್ಥೆಯಾಯಿತು.

1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಶ್ವಸಂಸ್ಥೆಯ ಸ್ಥಾಪನೆಗಾಗಿ ಮಹಾಸಮ್ಮೇಳನ ನೆರೆಯಿತು. ಅಮೆರಿಕದ ನಿಯೋಗಕ್ಕೆ ಸಲಹೆ ನೀಡಲು ಹೋದವರಲ್ಲಿ ಬೆಥೂನ್ ಅವರೂ ಒಬ್ಬರು. ಪರಾಧೀನವಾದ ದೇಶಗಳ ಜನರಿಗೂ ಹಕ್ಕುಗಳು ದೊರೆಯಬೇಕೆಂದು ಅವರೂ ಅವರ ಜೊತೆಗಾರರೂ ವಾದಿಸಿದರು. ಅದೇ ಸಮಯದಲ್ಲಿ ಅದೇ ನಗರಕ್ಕೆ ನಮ್ಮ ವಿಜಯಲಕ್ಷ್ಮೀ ಪಂಡಿತರೂ ಭಾರತದ ಸ್ವಾತಂತ್ರ್ಯದ ಪರವಾಗಿ ಮಾತನಾಡಲು ಹೋಗಿದ್ದರೆಂಬುದನ್ನು ನಾವು ನೆನೆಯಬೇಕು.

ತಟ್ಟಿದ ಬಾಗಿಲುಗಳು ಒಂದೊಂದಾಗಿ ತೆರೆಯತೊಡಗಿದವು. 1950ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ಕಾಲೇಜು ಕಪ್ಪು ವಿದ್ಯಾರ್ಥಿಗೆ ಪ್ರವೇಶ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 1954ರ ಮೇ 17ರಂದು, ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅದೇ ನ್ಯಾಯಾಲಯವು ಒಮ್ಮತದ ತೀರ್ಪಿತ್ತಿತು. ಈ ತೀರ್ಪನ್ನು ಕಾಣುವ ಪುಣ್ಯ ಬೆಥೂನ್ ಅವರಿಗಿತ್ತು. ಅದಾಗಿ ಒಂದು ವರ್ಷದ ಮೇಲೆ ಒಂದು ದಿನ ಕಳೆದಾಗ, 1955ರ ಮೇ 18ರಂದು, 79ನೆಯ ವಯಸ್ಸಿನಲ್ಲಿ, ಡೇಟೋನದ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಕಾಲೇಜಿನ ಆವರಣದಲ್ಲಿಯೇ ಅವರ ಸಮಾಧಿಯಿದೆ.

ತೀರ್ಪು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಬೆಥೂನ್ ಅವರ ಕಾಲೇಜಿನಲ್ಲಿ ಕೆಲಸದಲ್ಲಿದ್ದ ವರ್ಜಿಲ್ ಹಾಕಿನ್ಸ್ ಎಂಬವರು 1949ರಲ್ಲಿ ಫ್ಲೋರಿಡ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ಕಾಲೇಜಿಗೆ ಅರ್ಜಿ ಹಾಕಿದ್ದರು. ಬಣ್ಣದ ಕಾರಣದಿಂದ ಅರ್ಜಿಯು ತಿರಸ್ಕೃತವಾಯಿತು. ಒಂಬತ್ತು ವರ್ಷಗಳ ಕಾಲ ಅವರು ನ್ಯಾಯಾಲಯಗಳನ್ನು ಅಲೆದರು. ಕಡೆಗೆ 1958ರಲ್ಲಿ, ಮುಂದೆ ಬರುವ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುವುದಾದರೆ ಸಾಕೆಂದು ತಮ್ಮ ಅರ್ಜಿಯನ್ನು ತಾವೇ ಹಿಂದಕ್ಕೆ ಪಡೆದರು. ಆ ವರ್ಷವೇ ಬೇರೊಬ್ಬ ಕಪ್ಪು ವಿದ್ಯಾರ್ಥಿಯು ಆ ಕಾಲೇಜನ್ನು ಪ್ರವೇಶಿಸಿದನು. ತಾನು ಹೊರಗೆ ನಿಂತು ಇತರರನ್ನು ಒಳಗೆ ಕಳುಹಿಸಿದ ಆ ತ್ಯಾಗದಲ್ಲಿ, ತಕ್ಕಡಿಯ ಮುಂದೆ ನಿಂತ ಬಾಲಕಿಯ ಪಾಠವೇ ಮುಂದುವರಿಯಿತೆನ್ನಬಹುದು.

ಬೆಥೂನ್ ಅವರ ಕಾಲೇಜು 2007ರಲ್ಲಿ ವಿಶ್ವವಿದ್ಯಾಲಯವಾಯಿತು. ಅಮೆರಿಕದ ರಾಜಧಾನಿಯಲ್ಲಿರುವ ಸಂಸದ್ಭವನದಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಇಬ್ಬರು ಶ್ರೇಷ್ಠರ ಪ್ರತಿಮೆಗಳನ್ನು ಇರಿಸುವ ಪದ್ಧತಿಯುಂಟು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಪಕ್ಷದ ಸೇನಾಪತಿಯೊಬ್ಬನ ಪ್ರತಿಮೆಯನ್ನು ಫ್ಲೋರಿಡ ರಾಜ್ಯವು 1922ರಲ್ಲಿ ಅಲ್ಲಿಗೆ ಕೊಟ್ಟಿತ್ತು. ಸರಿಯಾಗಿ ನೂರು ವರ್ಷಗಳ ತರುವಾಯ, 2022ರ ಜುಲೈ ತಿಂಗಳಲ್ಲಿ, ಅವನ ಸ್ಥಾನದಲ್ಲಿ ಬೆಥೂನ್ ಅವರ ಅಮೃತಶಿಲೆಯ ಪ್ರತಿಮೆಯು ಅನಾವರಣಗೊಂಡಿತು. ರಾಜ್ಯವೊಂದರ ಪ್ರತಿನಿಧಿಯಾಗಿ ಆ ಸಂಗ್ರಹದಲ್ಲಿ ಸ್ಥಾನ ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ.

ವಿದ್ಯಾರ್ಥಿ ಮಿತ್ರರೆ, ಈ ಗೌರವಗಳೆಲ್ಲ ದೊಡ್ಡವು. ಆದರೆ ಅವುಗಳಿಗಿಂತ ದೊಡ್ಡದೊಂದು ಸಂಗತಿಯುಂಟು. ಸಾಯುವ ಮುನ್ನ ಬೆಥೂನ್ ಅವರು ಒಂದು ಮರಣಶಾಸನವನ್ನು ಬರೆದಿಟ್ಟರು. ಅದರಲ್ಲಿ ಹೊಲಮನೆಗಳ ಮಾತಿರಲಿಲ್ಲ. ತಮ್ಮ ಜನರಿಗೆ ಪ್ರೀತಿಯನ್ನೂ ಭರವಸೆಯನ್ನೂ ವಿದ್ಯೆಯ ದಾಹವನ್ನೂ ಎಳೆಯರ ಬಗೆಗಿನ ಹೊಣೆಯನ್ನೂ ಅವರು ಆಸ್ತಿಯಾಗಿ ಬಿಟ್ಟುಹೋದರು. ಇಂದು ನಮ್ಮ ಕೈಯಲ್ಲಿ ಪುಸ್ತಕವಿದೆ. ಅದನ್ನು ಕೆಳಗಿಡು ಎಂದು ಗದರಿಸುವವರಿಲ್ಲ. ಆ ಪುಸ್ತಕವು ಇನ್ನೂ ದೊರೆಯದ ಮಗುವೊಂದು ನಮ್ಮ ಬೀದಿಯಲ್ಲಿಯೇ ಇರಬಹುದು. ಹಗಲು ಕಲಿತದ್ದನ್ನು ರಾತ್ರಿ ಮನೆಯವರಿಗೆ ಹೇಳಿಕೊಡುತ್ತಿದ್ದ ಮೇರಿಯಂತೆ, ನಾವು ಕಲಿತದ್ದರಲ್ಲಿ ಒಂದಕ್ಷರವನ್ನಾದರೂ ಆ ಮಗುವಿಗೆ ಕಲಿಸಿದರೆ, ಆ ಮಹಾಮಾತೆಯ ಆಸ್ತಿಯಲ್ಲಿ ನಮಗೂ ಒಂದು ಪಾಲು ದೊರೆತಂತೆಯೇ ಸರಿ.